ಅಂಕಪಟ್ಟಿ ಇಲ್ಲದ ಪಿಎಚ್‌ಡಿ, ಕೊಳೆ ಬಂದ ಅಡಿಕೆ

ಜರ್ಮನಿಯಿಂದ ಶಿವಮೊಗ್ಗಕ್ಕೆ ವಾಪಸ್ ಬಂದವಳನ್ನು ಜನ ಕೇಳುವುದು ಒಂದೇ ಪ್ರಶ್ನೆ. ‘ಅಲ್ಲಿ ಎಂತಾಯ್ತು?’ ಕೇಳುವ ಧಾಟಿ ಮಾತ್ರ ಬೇರೆ ಬೇರೆ. ಪೇಟೆಯಲ್ಲಿ ಸಿಕ್ಕ ಪರಿಚಯದವರಿಗೆ ಕೆಲಸ ಹೋಗಿರಬೇಕು ಅನ್ನುವ ಅನುಮಾನ. ನೆಂಟರಿಗೆ ಸಂಸಾರದ ವಿಷಯವೇನೋ ಇದೆ ಅನ್ನುವ ಕುತೂಹಲ. ಸನ್ಮಾನ ಮಾಡುವವರಂತೂ ಕೇಳುವ ಗೋಜಿಗೇ ಹೋಗುವುದಿಲ್ಲ. ‘ತಾಯ್ನಾಡಿನ ಸೇವೆಗಾಗಿ ಲಕ್ಷಗಟ್ಟಲೆ ಸಂಬಳ ಬಿಟ್ಟು ಬಂದವರು’ ಅಂತ ಮೈಕಿನಲ್ಲಿ ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಒಂದು ಫೋಟೋ.

ನಿಜ ಹೇಳಬೇಕೆಂದರೆ ಕಾಂಟ್ರಾಕ್ಟ್ ಮುಗಿಯಿತು, ಬಂದೆ. ಇಷ್ಟು ಸಪ್ಪೆ ಉತ್ತರ ಯಾರಿಗೂ ರುಚಿಸುವುದಿಲ್ಲ.

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಸಂಶೋಧಕರ ತಾತ್ಕಾಲಿಕ ನೇಮಕಾತಿಗೆಂದೇ 2007ರಿಂದ ಒಂದು ಕಾನೂನಿದೆ. ಪಿಎಚ್‌ಡಿಗೆ ಮೊದಲು ಆರು ವರ್ಷ, ಪಿಎಚ್‌ಡಿ ಆದ ಮೇಲೆ ಆರು ವರ್ಷ, ಇಷ್ಟು ಕಾಲ ತಾತ್ಕಾಲಿಕವಾಗಿ ಇಟ್ಟುಕೊಳ್ಳಬಹುದು. ಅಷ್ಟರಲ್ಲಿ ಖಾಯಂ ಹುದ್ದೆ ಸಿಗದಿದ್ದರೆ ಆ ಬಾಗಿಲು ಮುಚ್ಚಿತು. ಯಾವುದಾದರೂ ಪ್ರಾಜೆಕ್ಟಿನ ದುಡ್ಡಿದ್ದರೆ ಇನ್ನಷ್ಟು ದಿನ ಎಳೆಯಬಹುದು, ಅಷ್ಟೇ. ಈ ಪದ್ಧತಿ ಎಷ್ಟು ಚೆನ್ನಾಗಿದೆ ಅಂತ ತೋರಿಸಲು ಅಲ್ಲಿನ ಸಚಿವಾಲಯ ‘ಹಾನಾ’ ಅನ್ನುವ ಹುಡುಗಿಯ ಕಾರ್ಟೂನ್ ವಿಡಿಯೋ ಮಾಡಿಸಿತ್ತು. 2021ರಲ್ಲಿ ಅದು ಎಲ್ಲರ ಕಣ್ಣಿಗೆ ಬಿದ್ದು, ಸಾವಿರಾರು ಸಂಶೋಧಕರು ‘ನಾನೇ ಹಾನಾ’ ಅಂತ ತಮ್ಮ ತಮ್ಮ ಗೋಳು ಬರೆದು ತಿರುಗಿಬಿದ್ದರು. ಬರೆದವರೆಲ್ಲ ಹೊರಗಿನವರಲ್ಲ, ಜರ್ಮನ್ನರೇ ಜಾಸ್ತಿ.

ಅಮೆರಿಕಕ್ಕೆ ಹೋದವರ ಪಾಡು ಇನ್ನೊಂದು ಬಗೆ. ಜೆ-1 ಎಂಬ ವಿನಿಮಯ ವೀಸಾದಲ್ಲಿ ಹೋದ ಎಷ್ಟೋ ಮಂದಿಗೆ 2024ರ ಕೊನೆಯ ತನಕ ಎರಡು ವರ್ಷ ತಾಯ್ನಾಡಿನಲ್ಲಿದ್ದು ಬಾ ಅನ್ನುವ ಷರತ್ತಿತ್ತು. ಗ್ರೀನ್ ಕಾರ್ಡಿಗೆ ಭಾರತೀಯರ ಸಾಲು ದಶಕಗಳಷ್ಟು ಉದ್ದ. 2025ರ ಸೆಪ್ಟೆಂಬರ್‌ನಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾದ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಘೋಷಿಸಿದ ಮೇಲಂತೂ ನನಗೆ ಹಳೆಯ ಸಹಪಾಠಿಗಳ ಫೋನು ಜಾಸ್ತಿಯಾಗಿದೆ. ‘ಶಿವಮೊಗ್ಗದಲ್ಲಿ ಹೇಗಿದೆಯೇ?’ ಅಂತ ಮೊದಲ ಸಲ ಗಂಭೀರವಾಗಿ ಕೇಳುತ್ತಿದ್ದಾರೆ.

ಊರಿನವರಿಗೆ ಇದೆಲ್ಲ ಗೊತ್ತಿಲ್ಲ. ಅಲ್ಲೂ ನಾವು ಒಂಥರಾ ಅತಿಥಿ ಉಪನ್ಯಾಸಕರೇ. ಸಂಬಳ ಜಾಸ್ತಿ, ಆರೋಗ್ಯ ವಿಮೆ ಇದೆ, ಪಿಂಚಣಿ ಖಾತೆಗೂ ಹಾಕುತ್ತಾರೆ. ಆದರೆ ಬರುವ ವರ್ಷ ಇಲ್ಲೇ ಇರ್ತೀವಾ ಅನ್ನುವ ಪ್ರಶ್ನೆ ಮಾತ್ರ ನಮ್ಮ ಡಿಗ್ರಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳುವಂಥದ್ದೇ.

ಹೋಗಿ ಬಂದವರು ನಮಗೇನೂ ಹೊಸಬರಲ್ಲ. ತೀರ್ಥಹಳ್ಳಿ ತಾಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿಗೆ ಹೋಗಿ 1966ರಲ್ಲಿ ಪಿಎಚ್‌ಡಿ ಪಡೆದು ಮೈಸೂರಿಗೆ ಬಂದು ಪಾಠ ಮಾಡಿದರು. ಗೌರಿಬಿದನೂರು ಕಡೆಯ ಎಚ್. ನರಸಿಂಹಯ್ಯ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಓದಿ 1960ರಲ್ಲಿ ಪಿಎಚ್‌ಡಿ ಮುಗಿಸಿದರು. ಬಂದದ್ದು ಮತ್ತೆ ಮೊದಲು ಪಾಠ ಮಾಡುತ್ತಿದ್ದ ಬೆಂಗಳೂರಿನ ನ್ಯಾಷನಲ್ ಕಾಲೇಜಿಗೇ. ಸನ್ಮಾನದ ಭಾಷಣಗಳಲ್ಲಿ ಇವರ ಹೆಸರು ತಪ್ಪದೆ ಬರುತ್ತದೆ. ಆದರೆ ಭಾಷಣಕಾರರು ಒಂದು ಮಾತು ಬಿಟ್ಟುಬಿಡುತ್ತಾರೆ. ಇಬ್ಬರೂ ಹೋಗುವ ಮೊದಲೇ ಇಲ್ಲಿ ಮೇಷ್ಟರಾಗಿದ್ದವರು. ವಾಪಸ್ ಬಂದರೆ ಎಲ್ಲಿಗೆ ಹೋಗಬೇಕು ಅಂತ ಅವರಿಗೆ ಗೊತ್ತಿತ್ತು. ನಾವು ಎಂಎಸ್ಸಿ ಮುಗಿಸಿ ಹಾಸ್ಟೆಲ್ ರೂಮಿನಿಂದ ನೇರ ವಿಮಾನ ಹತ್ತಿದವರು. ಇಲ್ಲಿ ನಮಗೆ ಕುರ್ಚಿ ಇರಲೇ ಇಲ್ಲ, ಇನ್ನು ಕಾಯುವುದೆಲ್ಲಿ?

ಸರ್ಕಾರಕ್ಕೂ ಈ ತಾಪತ್ರಯ ಹಳೆಯದೇ. ಹೊರಗಿನಿಂದ ಬಂದವರಿಗೆ ಕೆಲಸ ಸಿಗುವ ತನಕ ಕೂರಲು ಒಂದು ಜಾಗ ಅಂತ ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ 1958ರಲ್ಲೇ ‘ಸೈಂಟಿಸ್ಟ್ಸ್ ಪೂಲ್’ ಶುರು ಮಾಡಿತ್ತು. ಈಚಿನವು ರಾಮಾನುಜನ್ ಫೆಲೋಶಿಪ್, ಜೈವಿಕ ತಂತ್ರಜ್ಞಾನ ಇಲಾಖೆಯ ರಾಮಲಿಂಗಸ್ವಾಮಿ ಫೆಲೋಶಿಪ್. ಐದು ವರ್ಷ, ತಿಂಗಳಿಗೆ ಲಕ್ಷದ ಮೇಲೆ, ಜೊತೆಗೆ ಸಂಶೋಧನೆಗೆ ಬೇರೆ ದುಡ್ಡು. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಐದು ವರ್ಷ ಆದ ಮೇಲೆ ಏನು ಅನ್ನುವುದಕ್ಕೆ ಮಾತ್ರ ಕಾಗದದಲ್ಲಿ ಉತ್ತರವಿಲ್ಲ. ಜಾಗ ಕೊಟ್ಟ ಸಂಸ್ಥೆ ನಿಮ್ಮನ್ನು ಖಾಯಂ ಮಾಡಿಕೊಳ್ಳಲೇಬೇಕು ಅಂತ ಎಲ್ಲೂ ಇಲ್ಲ.

ನಾನೂ ಇಂಥದೇ ಒಂದು ಫೆಲೋಶಿಪ್ ಹಿಡಿದು ಬಂದವಳು. ಸಾಮಾನ್ಯವಾಗಿ ಇಂಥವರೆಲ್ಲ ಬೆಂಗಳೂರಿನ ದೊಡ್ಡ ಸಂಸ್ಥೆಗಳ ಕದ ತಟ್ಟುತ್ತಾರೆ. ನಾನು ಶಿವಮೊಗ್ಗ ಅಂದಾಗ ಫೋನಿನ ಆ ಕಡೆ ಇದ್ದವರು ‘ಯಾಕೆ, ಬೆಂಗಳೂರಲ್ಲಿ ಸಿಗ್ಲಿಲ್ವಾ?’ ಅಂದರು. ಅಪ್ಪಯ್ಯನಿಗೆ ಮಂಡಿ ನೋವು, ಹೊಸನಗರದ ಹತ್ತಿರ ತೋಟ, ಅಮ್ಮ ಒಬ್ಬಳೇ ಓಡಾಡಬೇಕು. ಇದನ್ನೆಲ್ಲ ಅರ್ಜಿಯಲ್ಲಿ ಬರೆಯಲು ಕಾಲಂ ಇರುವುದಿಲ್ಲ, ಅಲ್ವಾ? ಗಂಡನ ಕೆಲಸ ಬೆಂಗಳೂರಿನಲ್ಲಿ. ವಾರದ ಕೊನೆಗೆ ರೈಲು. ಅದರ ಬಗ್ಗೆ ಬರೆದರೆ ಬೇರೆಯೇ ಬರಹ ಆಗುತ್ತದೆ, ಬಿಡಿ.

ಕಾಗದಪತ್ರದ ಕಥೆಗೆ ಬರುತ್ತೇನೆ. ನನ್ನ ಪಿಎಚ್‌ಡಿ ಸರ್ಟಿಫಿಕೇಟ್ ಲ್ಯಾಟಿನ್‌ನಲ್ಲಿದೆ. ಅಲ್ಲಿನ ಕೆಲವು ಹಳೆಯ ವಿಶ್ವವಿದ್ಯಾಲಯಗಳು ಈಗಲೂ ಹಾಗೇ ಕೊಡುತ್ತವೆ. ಸೆಕ್ಷನ್ನಿನ ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದರು, ತಿರುಗಿಸಿ ಹಿಂದುಗಡೆ ನೋಡಿದರು. ಆಮೇಲೆ, ‘ಮೇಡಂ, ಅಂಕಪಟ್ಟಿ?’

‘ಅಲ್ಲಿ ಪಿಎಚ್‌ಡಿಗೆ ಅಂಕಪಟ್ಟಿ ಇರೋದಿಲ್ಲ ಸರ್.’

‘ಕೋರ್ಸ್ ವರ್ಕ್ ಮಾಡಿಲ್ವಾ ಹಾಗಾದ್ರೆ?’

‘ಲ್ಯಾಬಿನಲ್ಲೇ ಕೆಲಸ ಸರ್. ಕೊನೆಗೆ ಥೀಸಿಸ್, ವೈವಾ.’

‘ಅದು ಸರಿ ಮೇಡಂ. ನಂಗೆ ಅರ್ಥ ಆಗುತ್ತೆ. ಆಡಿಟ್‌ನವ್ರಿಗೆ ಆಗ್ಬೇಕಲ್ಲ.’

ಅವರ ಮೇಲೆ ನನಗೆ ಸಿಟ್ಟಿಲ್ಲ. ಹತ್ತು ವರ್ಷ ಬಿಟ್ಟು ಫೈಲಿನ ಮೇಲೆ ಆಕ್ಷೇಪಣೆ ಬಂದರೆ ಉತ್ತರ ಕೊಡಬೇಕಾದವರು ಅವರೇ. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ, ಜಗತ್ತಿನ ಮೊದಲ 500 ರ‍್ಯಾಂಕಿನೊಳಗಿನ ವಿದೇಶಿ ವಿಶ್ವವಿದ್ಯಾಲಯದ ಪಿಎಚ್‌ಡಿ ಇದ್ದರೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಅರ್ಹತೆ ಇದೆ, ನೆಟ್ ಪರೀಕ್ಷೆ ಪಾಸಾಗಬೇಕಿಲ್ಲ. ನಿಯಮ ಅಷ್ಟು ಸಲೀಸು. ಆ ನಿಯಮದ ಪ್ರಿಂಟ್ ಔಟ್ ಹಿಡಿದು, ರ‍್ಯಾಂಕ್ ಪಟ್ಟಿಯ ಪುಟ ಹಿಡಿದು, ಇದು ಇಲ್ಲಿನ ಪದವಿಗೆ ಸಮ ಅನ್ನುವ ತತ್ಸಮಾನ ಪ್ರಮಾಣಪತ್ರ ಹಿಡಿದು, ಲ್ಯಾಟಿನ್ನಿನ ಇಂಗ್ಲಿಷ್ ಅನುವಾದಕ್ಕೆ ನೋಟರಿ ಸೀಲು ಹಾಕಿಸಿಕೊಂಡು ಓಡಾಡುವುದು ಅಭ್ಯರ್ಥಿಯ ಪಾಲಿಗೆ. ತತ್ಸಮಾನತೆಗೆ 2025ರಲ್ಲಿ ಯುಜಿಸಿ ಹೊಸ ನಿಯಮ ತಂದಿದೆ. ಮುಂದಿನವರಿಗಾದರೂ ಓಡಾಟ ಕಡಿಮೆಯಾದೀತು.

ಇದಕ್ಕಿಂತ ನೋಯಿಸುವುದು ಹಿಂದಿನ ಸರ್ವಿಸಿನ ಲೆಕ್ಕ. ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನೆ) ಅನುಭವವನ್ನು ಸೇವೆ ಅಂತ ಪರಿಗಣಿಸಲು ಅದೇ 2018ರ ನಿಯಮದಲ್ಲಿ ಅವಕಾಶವಿದೆ. ಆದರೆ ಷರತ್ತುಗಳು ಸಾಲುಗಟ್ಟಿವೆ. ಸಂಬಳದ ಶ್ರೇಣಿ ಇಲ್ಲಿನ ಹುದ್ದೆಗೆ ಸಮನಾಗಿರಬೇಕು, ಜಾಹೀರಾತು ಕೊಟ್ಟು ಆಯ್ಕೆ ಸಮಿತಿ ಮಾಡಿದ ನೇಮಕವಾಗಿರಬೇಕು, ಹೀಗೆ. ಯೂರೋದಲ್ಲಿ ಬಂದ ಸಂಬಳ ಇಲ್ಲಿನ ಯಾವ ಶ್ರೇಣಿಗೆ ಸಮ ಅಂತ ಬರೆದುಕೊಡುವ ಕಚೇರಿ ಜರ್ಮನಿಯಲ್ಲಿ ಎಲ್ಲಿದೆ? ನನ್ನ ಆ ವರ್ಷಗಳು ಸರ್ವಿಸ್ ರಿಜಿಸ್ಟರಿನಲ್ಲಿ ಇಲ್ಲ. ಈಗ ನಾನಿರುವುದು ಊರಿನ ಒಂದು ಖಾಸಗಿ ಕಾಲೇಜಿನಲ್ಲಿ, ಅಸಿಸ್ಟೆಂಟ್ ಪ್ರೊಫೆಸರ್. ಎಂಎಸ್ಸಿಯಲ್ಲಿ ನನಗಿಂತ ಎರಡು ಬ್ಯಾಚ್ ಹಿಂದಿದ್ದವಳು ಈಗ ನಮ್ಮ ವಿಭಾಗದ ಮುಖ್ಯಸ್ಥೆ, ಅಂದರೆ ಎಚ್‌ಒಡಿ. ನನ್ನ ರಜೆ ಚೀಟಿಗೆ ಅವಳದೇ ಸಹಿ. ‘ಅಕ್ಕಾ, ನೀವು ಅಲ್ಲಿ ಓದ್ತಾ ಇದ್ರಿ, ನಾನು ಇಲ್ಲಿ ಪೇಪರ್ ವ್ಯಾಲ್ಯುಯೇಷನ್ ಮಾಡ್ತಾ ಇದ್ದೆ’ ಅಂತ ನಗುತ್ತಾಳೆ. ಅವಳು ಹೇಳುವುದರಲ್ಲಿ ನ್ಯಾಯ ಇದೆ. ನಾಲ್ಕು ವರ್ಷದ ಡಿಗ್ರಿ ಬಂದಾಗ ಒಂದು ಸಲ, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿದಾಗ ಇನ್ನೊಂದು ಸಲ, ಸಿಲಬಸ್ ಕೂತು ಬರೆದವರು ಇಲ್ಲೇ ಇದ್ದವರು. ಆ ಹೆಣಗಾಟದಲ್ಲಿ ನಾವು ಇರಲಿಲ್ಲ.

ಬಂದ ಹೊಸತರಲ್ಲಿ ಎಲ್ಲರೂ ಮಾಡುವ ಕೆಲಸ ಒಂದೇ. ಬಿಟ್ಟುಬಂದ ಲ್ಯಾಬಿನ ಕೆಲಸವನ್ನೇ ಇಲ್ಲಿಂದ ಮುಂದುವರಿಸುವುದು. ಪೇಪರ್ ನಿಲ್ಲಬಾರದಲ್ಲ. ನನ್ನ ವಿಷಯ ಆಲೂಗಡ್ಡೆಯ ಅಂಗಮಾರಿ ರೋಗ. ಆ ರೋಗಾಣು ಗಿಡದ ಜೀವಕೋಶದೊಳಗೆ ಬಿಡುವ ಪ್ರೊಟೀನುಗಳನ್ನು ನೋಡುವ ಕೆಲಸ. ಅದಕ್ಕೆ ಕಾನ್ಫೋಕಲ್ ಎಂಬ ಲೇಸರ್ ಮೈಕ್ರೋಸ್ಕೋಪ್ ಬೇಕು, ವರ್ಷವಿಡೀ ಒಂದೇ ಉಷ್ಣತೆಯ ಕೋಣೆ ಬೇಕು, ಮೈನಸ್ 80ರ ಫ್ರೀಜರ್ ಬೇಕು. ಇಲ್ಲಿ ಒಂದು ಕಿಣ್ವ ತರಿಸಬೇಕಾದರೆ ಮೂರು ಕೊಟೇಶನ್, ಅನುಮೋದನೆ, ಆಮೇಲೆ ಆರ್ಡರ್. ಅದು ಬೆಂಗಳೂರಿನಿಂದ ಐಸ್ ಪ್ಯಾಕಿನಲ್ಲಿ ಹೊರಟು ಶನಿವಾರ ಸಂಜೆ ಇಲ್ಲಿನ ಕೊರಿಯರ್ ಆಫೀಸಿಗೆ ಮುಟ್ಟುತ್ತದೆ. ಸೋಮವಾರ ಕೈಗೆ ಬರುವಾಗ ಐಸೆಲ್ಲ ಕರಗಿ ಬೆಚ್ಚಗಾಗಿರುತ್ತದೆ. ದುಡ್ಡು ಬರುವುದು ತಡ, ಬಂದ ಮೇಲೆ ಮಾರ್ಚ್ 31ರೊಳಗೆ ಖರ್ಚಾಗಬೇಕು. ಹೀಗಾಗಿ ಹಳೆಯ ಬಾಸ್ ಕಳಿಸುವ ಡೇಟಾ ತಿದ್ದಿ, ಗ್ರಾಫ್ ಹಾಕಿ, ಪೇಪರಿನಲ್ಲಿ ಎಲ್ಲೋ ನಡುವಿನ ಹೆಸರಾಗುವುದು. ಇದೇ ದಾರಿಯಲ್ಲಿ ವರ್ಷಗಟ್ಟಲೆ ಸಾಗಿದವರು ಬೇಕಾದಷ್ಟು ಮಂದಿ ನನಗೆ ಗೊತ್ತು. ಮೇಲ್‌ಗಳು ನಿಧಾನಕ್ಕೆ ಚಿಕ್ಕದಾಗುತ್ತವೆ. ಅಲ್ಲಿ ಹೊಸ ಪೋಸ್ಟ್‌ಡಾಕ್ ಬರುತ್ತಾನೆ. ಒಂದು ದಿನ ಆ ಮೇಲ್‌ಗಳೂ ನಿಲ್ಲುತ್ತವೆ.

ನನ್ನನ್ನು ಉಳಿಸಿದ್ದು ಮಳೆಗಾಲ.

ಜುಲೈ ತಿಂಗಳು, ಊರಿಗೆ ಹೋಗಿದ್ದೆ. ಮೇಲಿನ ಮನೆ ದೊಡ್ಡಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಮುಷ್ಟಿ ಉದುರಿದ ಹಸಿ ಅಡಿಕೆ ತಂದು ಜಗಲಿಯ ಮೇಲೆ ಸುರಿದರು. ‘ಅದೆಂತದೋ ಆಲೂಗಡ್ಡೆ ರೋಗ ನೋಡ್ತಿದ್ಯಂತಲ್ಲ ಮಾರಾಯ್ತಿ, ಇದನ್ನೂ ಒಂಚೂರು ನೋಡು.’ ಅಡಿಕೆಯ ಕೊಳೆರೋಗ. ತೊಟ್ಟಿನ ಹತ್ತಿರ ಹಸಿರು ಹೊಳಪು ಹೋಗಿ, ನೀರು ಕುಡಿದ ಹಾಗೆ ಕಪ್ಪುಗಟ್ಟಿದ ಕಲೆ. ಎರಡು ಮೂರು ಅಡಿಕೆಯ ಮೇಲೆ ಆಗಲೇ ಬಿಳಿ ಹತ್ತಿಯಂಥ ಬೂಷ್ಟು. ಇದೂ ಫೈಟಾಫ್ತೊರಾ ಕುಲದ್ದೇ, ನನ್ನ ಆಲೂಗಡ್ಡೆ ರೋಗಾಣುವಿನ ದಾಯಾದಿ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಚಿಕ್ಕಂದಿನಿಂದ ತೋಟದಲ್ಲಿ ನೋಡಿದ್ದೆ. ಎರಡನ್ನೂ ಒಟ್ಟಿಗೆ ಒಂದು ತಟ್ಟೆಯಲ್ಲಿ ಇಟ್ಟು ನೋಡಿರಲಿಲ್ಲ.

ಕಾಲೇಜಿಗೆ ತಂದು ಬೆಳೆಸಿದೆವು. ಇದಕ್ಕೆ ದುಬಾರಿ ಸಾಮಾನು ಏನೂ ಬೇಡ. ಕ್ಯಾರೆಟ್ ತುರಿದು ಕುದಿಸಿ ಸೋಸಿ ಅಗರ್ ಸೇರಿಸಿದರೆ ಆಯಿತು. ಕ್ಯಾರೆಟ್ ಗಾಂಧಿ ಬಜಾರಿನದು. ನಮ್ಮ ಮಳೆಗಾಲದ ಹವೆಯೇ ಅದಕ್ಕೆ ಹಿತ, ಇನ್‌ಕ್ಯುಬೇಟರ್ ಕೂಡ ಬೇಡ. ತೊಂದರೆ ಅಂದರೆ ಅದೇ ಹವೆಗೆ ಇನ್ನೂ ನೂರೆಂಟು ಬೂಷ್ಟು ಬರುತ್ತವೆ, ಅರ್ಧಕ್ಕರ್ಧ ತಟ್ಟೆ ಎಸೆಯಬೇಕು. ಚೆನ್ನಾಗಿ ಬೆಳೆದದ್ದನ್ನು ನೀರಿನಲ್ಲಿ ಹಾಕಿ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ಹೊರಗೆ ತೆಗೆದರೆ, ಚಳಿಯ ಪೆಟ್ಟಿಗೆ ಬೀಜಕದ ಚೀಲ ಒಡೆದು ಮರಿಗಳು ಈಜುತ್ತಾ ಹೊರಬರುತ್ತವೆ. ಪ್ರತಿಯೊಂದಕ್ಕೂ ಎರಡೆರಡು ಬಾಲ. ಡಿಗ್ರಿ ಲ್ಯಾಬಿನ ಸಾಮಾನ್ಯ ಮೈಕ್ರೋಸ್ಕೋಪಿನಲ್ಲೂ ಕಾಣುತ್ತದೆ. ಕರೆಂಟ್ ಹೋದ ದಿನ ಐಸ್ ತುಂಬಿದ ಥರ್ಮಾಸಿನಲ್ಲಿ ಇದೇ ಕೆಲಸ ಮಾಡಿದ್ದೇವೆ. ಫೈನಲ್ ಇಯರ್ ಹುಡುಗಿಯೊಬ್ಬಳು ಕಣ್ಣು ತೆಗೆಯದೆ, ‘ಮೇಡಂ, ನಮ್ಮಪ್ಪನ ತೋಟ ಹಾಳು ಮಾಡಿದ್ದು ಇದೇನಾ?’ ಅಂದಳು. ನಾನು ಜರ್ಮನಿಯಲ್ಲಿದ್ದಷ್ಟು ದಿನವೂ ಆಲೂಗಡ್ಡೆ ರೋಗಾಣುವಿನ ಬಗ್ಗೆ ಯಾರೂ ಇಷ್ಟು ದ್ವೇಷದಿಂದ ಮಾತಾಡಿದ್ದನ್ನು ಕೇಳಿರಲಿಲ್ಲ.

ಈ ರೋಗವನ್ನು ಮೊದಲು ಸರಿಯಾಗಿ ಅಭ್ಯಾಸ ಮಾಡಿದವರು ಊರಿನವರಲ್ಲ, ಲೆಸ್ಲಿ ಕೋಲ್ಮನ್ ಎಂಬ ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. 1910ರ ಹೊತ್ತಿಗೆ ಕೊಳೆರೋಗದ ಮೂಲ ಹಿಡಿದು, ಬೋರ್ಡೋ ದ್ರಾವಣ ಹೊಡೆದರೆ ತಡೆಯಬಹುದು ಅಂತ ತೋಟಗಳಲ್ಲೇ ತೋರಿಸಿಕೊಟ್ಟರು. ಆ ದ್ರಾವಣದ ಮೂಲ ಫ್ರಾನ್ಸಿನ ದ್ರಾಕ್ಷಿ ತೋಟ. ದಾರಿಹೋಕರು ಹಣ್ಣು ಕದಿಯದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ಬಳಿಯುತ್ತಿದ್ದ ಮೈಲುತುತ್ತ-ಸುಣ್ಣ ರೋಗವನ್ನೂ ತಡೆಯುತ್ತದೆ ಅಂತ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಪ್ರಕಟಿಸಿದ್ದರು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಹದ ನೋಡಲು ಉಜ್ಜಿದ ಕತ್ತಿಯನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು. ಪಿಎಚ್ ಮೀಟರ್ ಹೇಳುವುದನ್ನೇ ಕತ್ತಿ ಹೇಳುತ್ತದೆ, ಅದೂ ಬ್ಯಾಟರಿ ಇಲ್ಲದೆ.

ನೂರಕ್ಕೂ ಹೆಚ್ಚು ವರ್ಷವಾಯಿತು, ಮದ್ದು ಇನ್ನೂ ಅದೇ. ಬೆಳೆಗಾರರ ಪ್ರಶ್ನೆಗಳು ಮಾತ್ರ ಹೊಸವು. ಹೊಡೆದ ಮದ್ದು ಇಂಥ ಮಳೆಗೆ ಎಷ್ಟು ದಿನ ನಿಲ್ಲುತ್ತದೆ? ಮಳೆ ಬಿಡುವೇ ಕೊಡದಿದ್ದರೆ 40-45 ದಿನಕ್ಕೆ ಎರಡನೇ ಸಲ ಹೊಡೆಯುವುದು ಹೇಗೆ? ದೋಟಿ ಹಿಡಿದು ಕೆಳಗಿನಿಂದ ಹೊಡೆದದ್ದು ಗೊನೆಯ ಒಳಗಿನ ಅಡಿಕೆಗೆ ಮುಟ್ಟುತ್ತದಾ? ಈಗ ಕೊಳೆಯ ಜೊತೆಗೆ ಎಲೆಚುಕ್ಕಿ ರೋಗ ಬೇರೆ. ಇವುಗಳಲ್ಲಿ ಒಂದೊಂದೂ ಒಂದೊಂದು ಪಿಎಚ್‌ಡಿಗೆ ಸಾಕಾಗುವಂಥದ್ದು. ಕಾನ್ಫೋಕಲ್ ಬೇಡ. ಬೇಕಾದದ್ದು ಮಳೆಮಾಪಕ, ಕ್ಯಾರೆಟ್, ಮರ ಹತ್ತಬಲ್ಲ ಕೊನೆಗಾರ, ತೋಟದವರ ನಂಬಿಕೆ. ಕೊನೆಯದು ನನಗೆ ಅಪ್ಪಯ್ಯನ ಹೆಸರಿನಿಂದ ಸುಮ್ನೆ ಸಿಕ್ಕಿತು. ಹೊರಗಿನ ಎಷ್ಟು ದೊಡ್ಡ ವಿಜ್ಞಾನಿ ಬಂದರೂ ಅಷ್ಟು ಬೇಗ ಸಿಗುತ್ತಿರಲಿಲ್ಲ.

ವಾಪಸ್ ಬಂದವರಲ್ಲಿ ನಿಂತವರು, ಮತ್ತೆ ಹೊರಟವರು ಇಬ್ಬರನ್ನೂ ನೋಡಿದ ಮೇಲೆ ನನಗೆ ಅನಿಸುವುದು ಇದು: ಹೊರಗೆ ಕಲಿತ ಕಣ್ಣನ್ನು ಇಲ್ಲಿನ ಪ್ರಶ್ನೆಗೆ ತಿರುಗಿಸಿದವರು ನಿಲ್ಲುತ್ತಾರೆ, ಅಲ್ಲಿನ ಪ್ರಶ್ನೆಯನ್ನೂ ಹೊತ್ತು ತಂದವರು ಸುಸ್ತಾಗುತ್ತಾರೆ. ಎಲ್ಲರಿಗೂ ಇದು ಹೊಂದುವುದಿಲ್ಲ, ಒಪ್ಪುತ್ತೇನೆ. ದನಕರುವಿನ ಮೈಗೆ ಕಚ್ಚುವ ಉಣ್ಣೆ ಹುಳದ ಮೇಲೆ ಕೆಲಸ ಮಾಡುವವರಿಗೆ ಶಿವಮೊಗ್ಗಕ್ಕಿಂತ ಒಳ್ಳೆಯ ಜಾಗ ಇಲ್ಲ. ಉಣ್ಣೆಯಿಂದ ಹರಡುವ ಮಂಗನ ಕಾಯಿಲೆಯ ವೈರಸ್ ಮೊದಲು ಸಿಕ್ಕಿದ್ದೇ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ. ಆದರೆ ನನ್ನ ಗಣಿತದ ಗೆಳೆಯನಿಗೆ ಮಲೆನಾಡಿನ ಸಮಸ್ಯೆ ಅಂತ ಯಾವುದನ್ನು ಕೊಡಲಿ? ಅವನಿಗೆ ಬೇಕಾದದ್ದು ಮಾತಾಡಲು ಇನ್ನೊಬ್ಬ ಗಣಿತದವ. ಇಲ್ಲಿ ಸಿಗಲಿಲ್ಲ, ಬೆಂಗಳೂರಿಗೆ ಹೋದ. ಅದು ಅವನ ಸೋಲು ಅಂತ ನನಗೆ ಅನಿಸಿಲ್ಲ.

ಇಲ್ಲಿನ ಪ್ರಶ್ನೆ ಹಿಡಿದವರಿಗೂ ದಾರಿ ಸಲೀಸಲ್ಲ. ಅಂಗಮಾರಿ ರೋಗದ ಪೇಪರ್ ಹೋಗುತ್ತಿದ್ದ ಜರ್ನಲ್ಲುಗಳಿಗೆ ಕೊಳೆರೋಗದ ಪೇಪರ್ ಹೋಗುವುದಿಲ್ಲ. ‘ಪ್ರಾದೇಶಿಕ ಆಸಕ್ತಿಯ ವಿಷಯ’ ಅಂತ ಒಂದು ಸಾಲು ಬರೆದು ವಾಪಸ್ ಕಳಿಸುತ್ತಾರೆ. 1840ರ ದಶಕದಲ್ಲಿ ಐರ್ಲೆಂಡಿನ ಜನರನ್ನು ಹಸಿವಿಗೆ ದೂಡಿದ ಆಲೂಗಡ್ಡೆ ರೋಗವನ್ನೂ ಹೀಗೇ ಪ್ರಾದೇಶಿಕ ಅಂತ ತಳ್ಳಿಹಾಕಬಹುದಿತ್ತಾ, ಸ್ವಾಮಿ? ಇನ್ನು ನಮ್ಮದೇ ಯುಜಿಸಿ ಅಂಕಗಳ ಕೋಷ್ಟಕ. ವಿಜ್ಞಾನದ ಒಂದು ಸಂಶೋಧನಾ ಪ್ರಬಂಧಕ್ಕೆ 8 ಅಂಕ. ವಿದೇಶದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಆಹ್ವಾನಿತ ಉಪನ್ಯಾಸಕ್ಕೆ 7. ಕೊಳೆರೋಗದ ಬಗ್ಗೆ ನಾನು ಮಾತಾಡಿದ ದಿನ ಸೊಸೈಟಿ ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬೆಳೆಗಾರರು ಸೇರಿ, ಮಧ್ಯಾಹ್ನದ ಊಟ ಮರೆತು ಪ್ರಶ್ನೆ ಕೇಳಿ, ಆ ವರ್ಷ ಮದ್ದನ್ನು ಸರಿಯಾಗಿ ಹೊಡೆದರಲ್ಲ, ಅದಕ್ಕೆ ಕೋಷ್ಟಕದಲ್ಲಿ ಸಾಲೇ ಇಲ್ಲ. ನಮ್ಮ ಎಚ್‌ಒಡಿ ಒಳ್ಳೆಯವಳು, ‘ಅಕ್ಕಾ, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನವ್ರಿಗೆ ಫೋಟೋ ಆಗುತ್ತೆ, ಬ್ಯಾನರ್ ಕಾಣೋ ಹಾಗೆ ತೆಗೆಸಿ’ ಅನ್ನುತ್ತಾಳೆ. ತೆಗೆಸುತ್ತೇನೆ.

ಮೈಕ್ರೋಸ್ಕೋಪಿಗೆ ಕಣ್ಣು ಅಂಟಿಸಿಕೊಂಡಿದ್ದ ಆ ಹುಡುಗಿ ಈಗ ಎಂಎಸ್ಸಿ ಮುಗಿಸಿದ್ದಾಳೆ. ನೆದರ್ಲೆಂಡ್ಸ್‌ನಲ್ಲಿ ಪಿಎಚ್‌ಡಿಗೆ ಸೀಟು ಸಿಕ್ಕಿದೆ. ಅವಳ ಅಮ್ಮ ನನ್ನ ಹತ್ತಿರ ಬಂದು, ‘ವಾಪಸ್ ಬರ್ತಾಳಾ ಮೇಡಂ?’ ಅಂತ ಕೇಳಿದರು. ನಾನು ಅದಕ್ಕೆ ಉತ್ತರ ಹೇಳಲು ಹೋಗಲಿಲ್ಲ. ಹುಡುಗಿಗೆ ಮಾತ್ರ ಒಂದು ಚೀಟಿ ಬರೆದುಕೊಟ್ಟೆ. ಪ್ರತಿ ಕಾಂಟ್ರಾಕ್ಟಿನ ಇಂಗ್ಲಿಷ್ ಪ್ರತಿ ಇಟ್ಟುಕೋ. ಹುದ್ದೆಗೆ ಜಾಹೀರಾತು ಕೊಟ್ಟಿದ್ದರೆ ಅದನ್ನೂ ಇಳಿಸಿಕೋ. ಸಂಬಳದ ಪತ್ರದ ಮೇಲೆ ಸೀಲು ಹಾಕಿಸು, ಅಲ್ಲಿ ಸೀಲು ಹಾಕುವ ರೂಢಿ ಇಲ್ಲದಿದ್ದರೂ ಕೇಳಿ ಹಾಕಿಸು. ವಿಶ್ವವಿದ್ಯಾಲಯದ ಆ ವರ್ಷದ ರ‍್ಯಾಂಕ್ ಪುಟ ಪ್ರಿಂಟ್ ತೆಗೆದಿಡು. ಬರಲಿ, ಬಿಡಲಿ, ಕಾಗದ ಇರಲಿ.

ಅವಳು ಹೋದ ಮೇಲೆ ಸ್ಯಾಂಪಲ್ ತರಲು ನಮಗೆ ಜನ ಇಲ್ಲ. ಹೊಸನಗರ, ತೀರ್ಥಹಳ್ಳಿ, ಸಾಗರ ಕಡೆಯ ಡಿಗ್ರಿ ಹುಡುಗ ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಜೂನ್ ಕೊನೆಯಿಂದ ಆಗಸ್ಟ್ ತನಕ ವಾರಕ್ಕೊಮ್ಮೆ ತೋಟ ಸುತ್ತಿ ಉದುರಿದ ಅಡಿಕೆ ಹೆಕ್ಕಿ ತರುವ ಕೆಲಸವಿದೆ. ಬಸ್ ಚಾರ್ಜ್ ಕೊಡುತ್ತೇನೆ, ಊಟ ನಮ್ಮನೆಯಲ್ಲಿ. ಜಿಗಣೆಗೆ ಉಪ್ಪು ನೀವೇ ತನ್ನಿ.